ಮುಂಗುಸಿಗೆ ಸಂತ ಪದವಿ!

ಒಂದು ಪ್ರಶ್ನೆ. ಗೂಗಲ್ ಮಾಡಬೇಡಿ, ಊಹಿಸಿ!

ತೊಟ್ಟಿಲಲ್ಲಿ ಕೂಸು. ಪಕ್ಕದಲ್ಲಿ ಸಾಕಿದ ಮುಂಗುಸಿ. ತಾಯಿ ನೀರಿಗೆ ಹೋಗಿದ್ದಾಳೆ. ಹಾವು ಬರುತ್ತದೆ. ಮುಂಗುಸಿ ಅದನ್ನು ಕಚ್ಚಿ ಕೊಂದು, ಮೂತಿಯೆಲ್ಲ ರಕ್ತ ಮಾಡಿಕೊಂಡು ಬಾಗಿಲಿಗೆ ಓಡುತ್ತದೆ. ಕೂಸನ್ನೇ ತಿಂದಿತೆಂದು ತಿಳಿದ ತಾಯಿ ತುಂಬಿದ ಕೊಡವನ್ನು ಅದರ ಮೇಲೆ ಎತ್ತಿಹಾಕುತ್ತಾಳೆ. ಮುಂದಿನದು ನಿಮಗೆ ಗೊತ್ತು. ಅಜ್ಜಿಯ ಬಾಯಲ್ಲಿ ಈ ಕಥೆ ಕೇಳಿ ಅಳದವರು ಯಾರಿದ್ದಾರೆ?

ಈಗ ಹೇಳಿ. ಈ ಮುಂಗುಸಿಯ ಸಮಾಧಿಗೆ ಹರಕೆ ಹೊತ್ತು, ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದ ಜನ ಯಾವ ದೇಶದವರು?

ಭಾರತ? ಅಲ್ಲ. ನೇಪಾಳ? ಅಲ್ಲವೇ ಅಲ್ಲ.

ಫ್ರಾನ್ಸ್!

ನಂಬಿಕೆ ಬರುತ್ತಿಲ್ಲವೇ? ಕೇಳಿ. 13ನೇ ಶತಮಾನ. ಲಿಯೋಂ ನಗರದ ಸುತ್ತಿನ ಹಳ್ಳಿಗಳು. ಸ್ಟೀಫನ್ ಎಂಬ ಪಾದ್ರಿ ಹೆಂಗಸರ ಪಾಪನಿವೇದನೆ ಕೇಳುತ್ತ ಕೂತಿದ್ದಾನೆ. ಸಾಮಾನ್ಯ ಪಾದ್ರಿಯಲ್ಲ, ಧರ್ಮ ತಪ್ಪಿದವರನ್ನು ಪತ್ತೆ ಹಚ್ಚುವುದೇ ಅವನ ಕೆಲಸ. ಒಬ್ಬಳಾದ ಮೇಲೊಬ್ಬಳು ಅದನ್ನೇ ಹೇಳುತ್ತಿದ್ದಾರೆ. ಕಾಯಿಲೆ ಬಿದ್ದ ಮಗುವನ್ನು ಸಂತ ಗಿನ್‌ಫೋರ್ ಹತ್ತಿರ ಒಯ್ದಿದ್ದೆ ಸ್ವಾಮಿ!

ಯಾರಪ್ಪ ಈ ಸಂತ? ಸ್ಟೀಫನ್ ಹೆಸರೇ ಕೇಳಿಲ್ಲ. ವಿಚಾರಿಸಿದ.

ಸಂತ ಒಂದು ನಾಯಿ!

ಕಥೆಯೂ ಸಿಕ್ಕಿತು. ಒಬ್ಬ ಜಮೀನ್ದಾರನ ಕೋಟೆ. ತೊಟ್ಟಿಲಲ್ಲಿ ಕೂಸು. ಹಾವು ಬಂತು. ಬೇಟೆನಾಯಿ ಅದನ್ನು ಕೊಂದಿತು. ರಕ್ತ ಮೆತ್ತಿದ ಮೂತಿ ನೋಡಿ ಯಜಮಾನ ಕತ್ತಿ ಎತ್ತಿದ. ತೊಟ್ಟಿಲಲ್ಲಿ ಕೂಸು ಸುಖವಾಗಿ ಮಲಗಿತ್ತು! ಪಶ್ಚಾತ್ತಾಪದಿಂದ ನಾಯಿಯನ್ನು ಬಾವಿಗೆ ಹಾಕಿ, ಕಲ್ಲು ಮುಚ್ಚಿ, ಸುತ್ತ ಮರ ನೆಟ್ಟರು. ಹಳ್ಳಿಗರು ಕೈಮುಗಿಯತೊಡಗಿದರು.

ಪಾದ್ರಿ ಕೆಂಡವಾದ. ನಾಯಿಯ ಮೂಳೆ ಅಗೆಸಿದ. ಮರಗಳನ್ನು ಕಡಿಸಿದ. ಎಲ್ಲ ಸೇರಿಸಿ ಸುಡಿಸಿದ. ಭಕ್ತಿ ಅಷ್ಟಕ್ಕೆ ನಿಂತಿತೇ? 19ನೇ ಶತಮಾನದಲ್ಲೂ ತಾಯಂದಿರು ಆ ಕಾಡಿಗೆ ಹೋಗುತ್ತಿದ್ದರು!

ಇನ್ನೂ ಇದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಬೆದ್‌ಗೆಲರ್ಟ್ ಎಂಬ ಹಳ್ಳಿ. ಅಲ್ಲಿ ರಾಜಕುಮಾರ ಲವೆಲಿನ್‌ನ ನಾಯಿ ಗೆಲರ್ಟ್‌ನ ಸಮಾಧಿ. ಅಲ್ಲೂ ಇದೇ ಕಥೆ! ಹಾವಿನ ಬದಲು ತೋಳ, ಅಷ್ಟೇ ವ್ಯತ್ಯಾಸ. ಪ್ರವಾಸಿಗಳು ಇಂದಿಗೂ ಕಲ್ಲಿನ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಾರೆ. ಆ ಕಲ್ಲು ನಿಂತದ್ದು 18ನೇ ಶತಮಾನದ ಕೊನೆಗೆ. ನಿಲ್ಲಿಸಿದವನು ಊರಿನ ಹೋಟೆಲ್ ಮಾಲೀಕನೆಂದು ಪ್ರತೀತಿ. ಗಿರಾಕಿಗಳು ಬರಬೇಕಲ್ಲ!

ನಮ್ಮ ಅಜ್ಜಿಯ ಮುಂಗುಸಿ ಫ್ರಾನ್ಸ್‌ಗೆ ಹೋದದ್ದು ಹೇಗೆ? ಯಾವ ಬಾಗಿಲಿನಿಂದ?

ಗ್ರೀಕ್? ಅಲೆಕ್ಸಾಂಡರನ ಸೈನ್ಯದ ಜೊತೆ? ಪೋರ್ಚುಗೀಸರ ಹಡಗು? ಎಲ್ಲವೂ ತಪ್ಪು. ಆ ಬಾಗಿಲಿನ ಹೆಸರು ಅರೇಬಿಕ್!

ಈ ಮುಂಗುಸಿ ಪಂಚತಂತ್ರದ್ದು. ಅದರ ಕರಟಕ-ದಮನಕರನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಊರಿನಲ್ಲಿ ಇಬ್ಬರು ಕಿತಾಪತಿಗಳು ಜೊತೆಯಾದರೆ ನಾವು ಇಡುವ ಹೆಸರೇ ಅದು. 2024ರಲ್ಲಿ ಆ ಹೆಸರಿನ ಕನ್ನಡ ಸಿನಿಮಾವೂ ಬಂತು. ಈ ಎರಡು ನರಿಗಳು ಪರ್ಷಿಯಾದ ಮೇಲೆ ಹಾದು ಅರಬ್ಬರ ಊರಿಗೆ ಹೋದವು. ಅಲ್ಲಿ ಕಲೀಲ ಮತ್ತು ದಿಮ್ನ ಆದವು. ಪುಸ್ತಕದ ಹೆಸರೂ ಅದೇ, 'ಕಲೀಲ ವ ದಿಮ್ನ'. ಅರೇಬಿಕ್ ಸಾಹಿತ್ಯದ ಮೊದಮೊದಲ ಗದ್ಯಕೃತಿಗಳಲ್ಲಿ ಒಂದು. ಇವತ್ತಿಗೂ ಅರಬ್ ಮಕ್ಕಳು ಓದುವ ಪುಸ್ತಕ!

ಮೊದಲು ಪರ್ಷಿಯಾ. 6ನೇ ಶತಮಾನ. ದೊರೆ ಖುಸ್ರೋ ಅನೂಶಿರ್ವಾನ್. ಅವನ ವೈದ್ಯ ಬುರ್ಜೋಯ್. ಭಾರತದಲ್ಲಿ ಸತ್ತವರನ್ನು ಬದುಕಿಸುವ ಮೂಲಿಕೆ ಇದೆಯೆಂದು ಕೇಳಿ ಅವನು ಹುಡುಕಿಕೊಂಡು ಬಂದನೆಂದು ಪರ್ಷಿಯನ್ ಮಹಾಕಾವ್ಯ 'ಶಾಹನಾಮ' ಹೇಳುತ್ತದೆ. ಬೆಟ್ಟವೆಲ್ಲ ಅಲೆದ. ಮೂಲಿಕೆ ಸಿಗಲಿಲ್ಲ. ಕೊನೆಗೊಬ್ಬ ಹಿರಿಯ ಹೇಳಿದನಂತೆ: ಸತ್ತವರೆಂದರೆ ತಿಳಿಯದವರು, ಮೂಲಿಕೆಯೆಂದರೆ ಒಂದು ಪುಸ್ತಕ. ಆ ಪುಸ್ತಕ ರಾಜನ ಭಂಡಾರದಲ್ಲಿದೆ, ನಕಲು ಮಾಡುವಂತಿಲ್ಲ. ಬುರ್ಜೋಯ್ ಏನು ಮಾಡಿದ? ದಿನವೂ ಓದಿ, ಬಾಯಿಪಾಠ ಮಾಡಿ, ಬಿಡಾರಕ್ಕೆ ಬಂದು ಬರೆದ! ದಂತಕಥೆಯೇ ಇರಬಹುದು. ಆದರೆ ಎಂಥ ದಂತಕಥೆ!

ದೊರೆ ಖಜಾನೆಯ ಬಾಗಿಲು ತೆರೆದ, ಬೇಕಾದ್ದು ತೆಗೆದುಕೋ ಅಂದ. ವೈದ್ಯ ಕೇಳಿದ್ದು ಒಂದೇ. ಪುಸ್ತಕದ ಮುಂಭಾಗದಲ್ಲಿ ನನ್ನ ಬದುಕಿನ ಬಗ್ಗೆ ಒಂದು ಅಧ್ಯಾಯ ಇರಲಿ. ಸಿಕ್ಕಿತು. ಇವತ್ತಿಗೂ ಇದೆ!

ಎರಡು ಶತಮಾನ ದಾಟಿ ಬಸ್ರಾ ನಗರಕ್ಕೆ ಬನ್ನಿ. ಬಾಗ್ದಾದ್ ಇನ್ನೂ ಹುಟ್ಟಿಯೇ ಇಲ್ಲ, ಅದಕ್ಕೆ ಬುನಾದಿ ಬೀಳುವುದು 762ರಲ್ಲಿ. ನಮ್ಮ ನಾಯಕ ಇಬ್ನ್ ಅಲ್-ಮುಕಫ್ಫ. ಹುಟ್ಟಿನಿಂದ ಪರ್ಷಿಯನ್, ಮೊದಲ ಹೆಸರು ರೋಜ್‌ಬೆಹ್. ಅರೇಬಿಕ್ ಅವನ ಮಾತೃಭಾಷೆಯೇ ಅಲ್ಲ! ಆ ಭಾಷೆಯಲ್ಲೇ ಅವನು ಅರಬ್ಬರಿಗೆ ಗದ್ಯ ಬರೆಯುವುದು ಹೇಗೆಂದು ತೋರಿಸಿಕೊಟ್ಟ.

ಅವನ ಪೀಠಿಕೆ ಓದಿದರೆ ಬೆರಗಾಗುತ್ತೀರಿ. ಈ ಪುಸ್ತಕಕ್ಕೆ ನಾಲ್ಕು ಉದ್ದೇಶ ಅನ್ನುತ್ತಾನೆ. ಪ್ರಾಣಿಗಳು ಮಾತಾಡಿದರೆ ಹುಡುಗರು ಓದುತ್ತಾರೆ. ಬಣ್ಣದ ಚಿತ್ರಗಳಿದ್ದರೆ ರಾಜರಿಗೆ ಖುಷಿ. ನಾಲ್ಕನೆಯ ಉದ್ದೇಶ ಜ್ಞಾನಿಗಳಿಗೆ ಮಾತ್ರ. ಮೂರನೆಯದು? ಊಹಿಸಿ!

ಎಲ್ಲರೂ ಇದನ್ನು ಮತ್ತೆ ಮತ್ತೆ ನಕಲು ಮಾಡಿಸಲಿ, ಪುಸ್ತಕ ಹಳತಾಗಿ ಅಳಿಯದಿರಲಿ, ಚಿತ್ರಗಾರರಿಗೂ ನಕಲುಗಾರರಿಗೂ ಸದಾ ಸಂಪಾದನೆಯಾಗಲಿ! ಹದಿಮೂರು ಶತಮಾನದ ಹಿಂದೆಯೇ ಪ್ರಕಾಶನದ ಲೆಕ್ಕಾಚಾರ! ಅವನ ಮಾತು ಸುಳ್ಳಾಗಲಿಲ್ಲ. 1220ರ ಆಸುಪಾಸಿನಲ್ಲಿ ಸಿರಿಯಾದ ಚಿತ್ರಗಾರರು ಬರೆದ ಒಂದು ಪ್ರತಿ ಇಂದು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಈಗ ನನಗೆ ಅತ್ಯಂತ ಇಷ್ಟವಾದ ಜಾಗಕ್ಕೆ ಬಂದೆ. ನಮ್ಮ ಪಂಚತಂತ್ರದಲ್ಲಿ ದಮನಕ ಚಾಡಿ ಹೇಳಿ ಸಿಂಹ-ಎತ್ತಿನ ಗೆಳೆತನ ಮುರಿಯುತ್ತಾನೆ. ಸಿಂಹ ಎತ್ತನ್ನು ಕೊಲ್ಲುತ್ತದೆ. ದಮನಕನಿಗೆ ಏನಾಗುತ್ತದೆ?

ಏನೂ ಆಗುವುದಿಲ್ಲ! ಆರಾಮವಾಗಿ ಮಂತ್ರಿಯಾಗಿಯೇ ಇರುತ್ತಾನೆ. ರಾಜಕೀಯ ಬಲ್ಲವರಿಗೆ ಇದೇನು ಅಚ್ಚರಿಯಲ್ಲ ಬಿಡಿ.

ಅರೇಬಿಕ್ ಪುಸ್ತಕ ಅವನನ್ನು ಬಿಡುವುದಿಲ್ಲ! ಅಲ್ಲಿ ಪೂರಾ ಒಂದು ಹೊಸ ಅಧ್ಯಾಯ. ಕೋರ್ಟ್ ಸೀನ್! ರಾತ್ರಿ ನರಿಗಳ ಮಾತನ್ನು ಚಿರತೆ ಕದ್ದು ಕೇಳಿಸಿಕೊಳ್ಳುತ್ತದೆ. ಸಿಂಹದ ತಾಯಿಯ ಕಿವಿಗೆ ಹಾಕುತ್ತದೆ. ದಿಮ್ನನ ಬಂಧನ. ವಿಚಾರಣೆ. ಏನು ವಾದ ಮಾಡುತ್ತಾನೆ ಅಂತೀರಿ! ಎದುರು ನಿಂತವರ ಬಾಯಿ ಕಟ್ಟಿಸುತ್ತಾನೆ. ಕಲೀಲ ಕೊರಗಿ ಸಾಯುತ್ತಾನೆ. ಕೊನೆಗೆ ಸಾಕ್ಷಿಗಳು ಬಾಯಿ ಬಿಡುತ್ತಾರೆ. ದಿಮ್ನನಿಗೆ ಸಾವು.

ನ್ಯಾಯಕ್ಕಾಗಿ ಹಂಬಲಿಸಿ ಇಂಥದೊಂದು ಅಧ್ಯಾಯ ಸೇರಿಸಿದವನಿಗೆ ಸಿಕ್ಕಿದ ನ್ಯಾಯವೇನು ಗೊತ್ತೇ? ಖಲೀಫ ಅಲ್-ಮನ್ಸೂರನ ಚಿಕ್ಕಪ್ಪನೊಬ್ಬ ಬಂಡೆದ್ದು ಸೋತಿದ್ದ. ಅವನಿಗೆ ಕೊಡಬೇಕಾದ ಕ್ಷಮಾಪತ್ರ ಬರೆಯುವ ಕೆಲಸ ಇಬ್ನ್ ಅಲ್-ಮುಕಫ್ಫನಿಗೆ ಬಂತು. ಖಲೀಫ ಮಾತು ತಪ್ಪಲು ಒಂದು ಸಂದೂ ಇಲ್ಲದಂತೆ ಬರೆದ. ಖಲೀಫನಿಗೆ ಉರಿಯಿತು. ಬಸ್ರಾದ ರಾಜ್ಯಪಾಲನಿಗೂ ಅವನ ಮೇಲೆ ಹಳೆಯ ಹಗೆ. ಅಂಗಾಂಗ ಕತ್ತರಿಸಿ ಉರಿಯುವ ಒಲೆಗೆ ಎಸೆದರೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. ವಯಸ್ಸು ಸುಮಾರು 36. ವಿಚಾರಣೆ? ನರಿಗೆ ಸಿಕ್ಕಿದ್ದು ಅದನ್ನು ಬರೆದವನಿಗೆ ಸಿಗಲಿಲ್ಲ.

ಒಂದು ನಿಮಿಷ! ಆ ಅಧ್ಯಾಯ ಅರೇಬಿಕ್‌ನಲ್ಲೇ ಹುಟ್ಟಿತೆಂದು ನಾನು ಇಷ್ಟು ಧೈರ್ಯವಾಗಿ ಹೇಳುವುದು ಹೇಗೆ? ಬುರ್ಜೋಯ್‌ನೇ ಸೇರಿಸಿರಬಹುದಲ್ಲ?

ಶಹಬ್ಬಾಸ್, ಒಳ್ಳೆಯ ಪ್ರಶ್ನೆ! ಬುರ್ಜೋಯ್ ಪಹ್ಲವಿಯಲ್ಲಿ (ಆ ಕಾಲದ ಪರ್ಷಿಯನ್) ಬರೆದ ಪುಸ್ತಕ ಕಳೆದುಹೋಗಿದೆ. ಅವನು ನೋಡಿದ ಸಂಸ್ಕೃತ ಪ್ರತಿಯೂ ಇಲ್ಲ. ಇಬ್ನ್ ಅಲ್-ಮುಕಫ್ಫನ ಕೈಬರಹ ಇದೆಯೇ? ಅದೂ ಇಲ್ಲ! ಉಳಿದಿರುವ ಅರೇಬಿಕ್ ಹಸ್ತಪ್ರತಿಗಳಲ್ಲಿ ತೀರ ಹಳೆಯವು 13ನೇ ಶತಮಾನದವು. ನಡುವೆ ಸುಮಾರು ನಾಲ್ಕೂವರೆ ಶತಮಾನ ಖಾಲಿ!

ಇಲ್ಲಿ ಪತ್ತೇದಾರರು ಬರುತ್ತಾರೆ. ತೌಲನಿಕ ಸಾಹಿತ್ಯವೆಂದರೆ ಇಬ್ಬರು ಕವಿಗಳನ್ನು ಎದುರುಬದುರು ಕೂರಿಸಿ ಯಾರು ಹೆಚ್ಚು ಎಂದು ತೀರ್ಪು ಕೊಡುವುದೆಂದು ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಪಾಪ! ಅದರ ಮಜಾ ಅವರಿಗೆ ಗೊತ್ತಿಲ್ಲ.

1816ರಲ್ಲಿ ಪ್ಯಾರಿಸ್‌ನಲ್ಲಿ ಸಿಲ್ವೆಸ್ತ್ರ್ ದ ಸಾಸಿ ಎಂಬ ವಿದ್ವಾಂಸ ಅರೇಬಿಕ್ ಪಠ್ಯವನ್ನು ಮೊದಲ ಬಾರಿ ಅಚ್ಚು ಹಾಕಿಸಿದ. 1859ರಲ್ಲಿ ಜರ್ಮನಿಯ ಥಿಯೋಡೋರ್ ಬೆನ್ಫೈ ಪಂಚತಂತ್ರವನ್ನು ಎರಡು ಸಂಪುಟಗಳಲ್ಲಿ ಹೊರತಂದ. ಮೊದಲ ಸಂಪುಟ ಪೂರ್ತಿ ಪೀಠಿಕೆ! 600ಕ್ಕೂ ಹೆಚ್ಚು ಪುಟ! ಒಂದೊಂದು ಕಥೆ ಯಾವ ಭಾಷೆಯಿಂದ ಯಾವ ಭಾಷೆಗೆ ಹಾರಿತು, ಎಲ್ಲಿ ವೇಷ ಬದಲಿಸಿತು ಎಂದು ಬೆನ್ನಟ್ಟಿದ. ಕಥೆಗಳನ್ನು ಹೋಲಿಸಿ ನೋಡುವ ಶಾಸ್ತ್ರಕ್ಕೆ ಯುರೋಪಿನಲ್ಲಿ ಕಾಲು ಬಂದದ್ದು ಆ ಪೀಠಿಕೆಯಿಂದ. ಜಗತ್ತಿನ ಅದ್ಭುತ ಕಥೆಗಳೆಲ್ಲ ಬಹುಪಾಲು ಭಾರತದವೇ ಅಂದುಬಿಟ್ಟ. ಅದು ಅತಿಯಾಯಿತು, ಆಮೇಲಿನವರು ಒಪ್ಪಲಿಲ್ಲ. ತಮಾಷೆ ಏನೆಂದರೆ, ಪ್ರಾಣಿಕಥೆಗಳು ಮಾತ್ರ ಗ್ರೀಕರಿಂದ ಭಾರತಕ್ಕೆ ಬಂದವು ಎಂದೂ ಅವನೇ ನಂಬಿದ್ದ!

ನಮ್ಮ ಪ್ರಶ್ನೆಗೆ ಸುಳಿವು ಇನ್ನೊಂದು ಕಡೆ ಇತ್ತು. ಸಿರಿಯಕ್ ಭಾಷೆಯ ಒಂದು ಹಳೆಯ ಗ್ರಂಥಸೂಚಿಯಲ್ಲಿ ಒಂದು ಸಾಲು. ಬೂದ್ ಎಂಬ ಪಾದ್ರಿ ಈ ಪುಸ್ತಕವನ್ನು ಸಿರಿಯಕ್‌ಗೆ ತಂದಿದ್ದಾನೆ ಎಂದು. ಸುಮಾರು 570ರ ಮಾತು, ಅರೇಬಿಕ್ ಪುಸ್ತಕಕ್ಕಿಂತ ಸುಮಾರು ಎರಡು ಶತಮಾನ ಮೊದಲು! ಯಾರೂ ಅದನ್ನು ಕಂಡಿರಲಿಲ್ಲ. ಇತ್ತೋ, ಬರೀ ಸುಳ್ಳೋ?

1870ರ ಸುಮಾರಿಗೆ ಇಂದಿನ ತುರ್ಕಿಯ ಮಾರ್ದಿನ್ ಊರಿನಲ್ಲಿ ಅದು ಸಿಕ್ಕೇಬಿಟ್ಟಿತು! ಒಂದೇ ಒಂದು ಪ್ರತಿ! 1876ರಲ್ಲಿ ಲೈಪ್‌ಜಿಗ್‌ನಲ್ಲಿ ಅಚ್ಚಾಯಿತು. ಪೀಠಿಕೆ ಬರೆದವನು ಯಾರು? ಮುದುಕನಾಗಿದ್ದ ಅದೇ ಬೆನ್ಫೈ!

ಅದು ಅರೇಬಿಕ್‌ನ ಹಂಗಿಲ್ಲದೆ ನೇರ ಪಹ್ಲವಿಯಿಂದ ಬಂದದ್ದು. ಪುಟ ತಿರುಗಿಸಿದರು. ಸಿಂಹ ಇದೆ. ಎತ್ತು ಇದೆ. ನರಿಗಳಿವೆ. ವಿಚಾರಣೆ?

ಇಲ್ಲ! ನ್ಯಾಯಾಲಯವೇ ಇಲ್ಲ! ಅಲ್ಲಿಗೆ ದಿಮ್ನನಿಗೆ ಶಿಕ್ಷೆ ಕೊಟ್ಟ ಕೈ ಯಾವುದೆಂದು ಗೊತ್ತಾಯಿತು. ಹೋಲಿಸಿ ನೋಡುವುದರ ಸುಖ ಅಂದರೆ ಇದು.

ಕೆಲಸ ಮುಗಿದಿಲ್ಲ. ಬರ್ಲಿನ್‌ನ ಫ್ರೀ ವಿಶ್ವವಿದ್ಯಾಲಯದಲ್ಲಿ ಬಿಯಾಟ್ರಿಸ್ ಗ್ರುಂಡ್ಲರ್ ಅವರ ತಂಡ 2018ರಲ್ಲಿ ಅರೇಬಿಕ್ ಹಸ್ತಪ್ರತಿಗಳನ್ನು ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಹೋಲಿಸಲು ಕೂತಿತು. ನೂರಕ್ಕೂ ಹೆಚ್ಚು ಪ್ರತಿಗಳು. ಎರಡೇ ಎರಡು ಪ್ರತಿ ಅಕ್ಷರಶಃ ಒಂದೇ ಇರಬೇಕಲ್ಲ? ಅದೂ ಇಲ್ಲ! ನಕಲುಗಾರ ಬರೀ ನಕಲು ಮಾಡುತ್ತಿರಲಿಲ್ಲ. ಬೇಕಾದಲ್ಲಿ ಸೇರಿಸಿದ, ಬೇಡವಾದಲ್ಲಿ ಬಿಟ್ಟ. ಪ್ರತಿಯೊಬ್ಬನೂ ಅರ್ಧ ಲೇಖಕ!

ಮುಂಗುಸಿ ಏನಾಯಿತು ಅಂತೀರಾ? ಇಬ್ನ್ ಅಲ್-ಮುಕಫ್ಫನಲ್ಲಿ ಅದು ವೀಸಲ್ ಎಂಬ, ಮುಂಗುಸಿಯಂಥದೇ ಪುಟ್ಟ ಬೇಟೆಪ್ರಾಣಿ. 1251ರಲ್ಲಿ ಸ್ಪೇನಿನ ರಾಜಕುಮಾರ ಆಲ್ಫೊನ್ಸೊ 'ಕಲೀಲ'ವನ್ನು ಸ್ಪ್ಯಾನಿಷ್‌ಗೆ ಮಾಡಿಸಿದನೆಂದು ಹೇಳುತ್ತಾರೆ. ಎರಡೇ ವರ್ಷ! 1253ರಲ್ಲಿ ಅವನ ತಮ್ಮ ಫದ್ರೀಕೆ ಅರೇಬಿಕ್‌ನ ಇನ್ನೊಂದು ಕಥಾಸಂಗ್ರಹವನ್ನು ಮಾಡಿಸಿದ. ಅದು ಸಿಂದ್‌ಬಾದ್‌ನ ಪುಸ್ತಕ (ಹಡಗಿನ ಸಿಂದ್‌ಬಾದ್ ಅಲ್ಲ, ಇವನು ರಾಜಗುರು). ಅದರಲ್ಲೂ ಈ ಕಥೆ ಇದೆ. ಆದರೆ ತೊಟ್ಟಿಲ ಪಕ್ಕದಲ್ಲಿ ಈಗ ನಾಯಿ ಕೂತಿದೆ! ಯುರೋಪಿನಲ್ಲಿ ಮುಂಗುಸಿ ಕಂಡವರು ಎಷ್ಟು ಜನ? ನಾಯಿ ಎಲ್ಲರ ಮನೆಯಲ್ಲೂ ಇತ್ತು.

ಪ್ರಾಣಿ ಸಂತನಾದದ್ದಕ್ಕೇ ಬೆರಗಾದಿರಾ? ಇನ್ನೊಂದು ಕೇಳಿ. ಬುದ್ಧ ಕ್ರೈಸ್ತ ಸಂತನಾದ!

ಆಣೆ ಮಾಡಿ ಹೇಳುತ್ತೇನೆ. ಅರಮನೆ ಬಿಟ್ಟು ಹೊರಟ ರಾಜಕುಮಾರನ ಕಥೆ ಅರೇಬಿಕ್‌ನಲ್ಲಿ 'ಬಿಲವ್ಹರ್ ಮತ್ತು ಬೂದಾಸಫ್' ಆಯಿತು. ಬೋಧಿಸತ್ವನೇ ಆ ಬೂದಾಸಫ್. ಅರೇಬಿಕ್ ಲಿಪಿಯಲ್ಲಿ ಒಂದೇ ಒಂದು ಚುಕ್ಕೆ ಹೆಚ್ಚಾಗಿ ಯೂದಾಸಫ್ ಆದ. ಜಾರ್ಜಿಯನ್, ಗ್ರೀಕ್, ಲ್ಯಾಟಿನ್ ದಾಟುವ ಹೊತ್ತಿಗೆ ಸಂತ ಜೋಸಫತ್! ರೋಮನ್ ಚರ್ಚಿನ ಹಳೆಯ ಸಂತರ ಪಟ್ಟಿಯಲ್ಲಿ ನವೆಂಬರ್ 27 ಅವನ ದಿನವಾಗಿತ್ತು. 1571ರಲ್ಲಿ ವೆನಿಸ್‌ನ ದೊರೆ ಪೋರ್ಚುಗಲ್ ರಾಜನಿಗೆ ಆ ಸಂತನ ಮೂಳೆಯನ್ನು ಕಾಣಿಕೆ ಕೊಟ್ಟ. ಯಾರ ಮೂಳೆಯೋ, ದೇವರೇ ಬಲ್ಲ!

ಬೂದಾಸಫನ ಅರೇಬಿಕ್ ಪುಸ್ತಕವೂ 'ಕಲೀಲ ವ ದಿಮ್ನ'ವೂ ಒಂದು ಬಾವಿಯ ಹತ್ತಿರ ಭೇಟಿಯಾಗುತ್ತವೆ.

ಮನುಷ್ಯನೊಬ್ಬ ಮದ್ದಾನೆಗೆ ಹೆದರಿ ಓಡಿ ಬಾವಿಗೆ ಜಾರುತ್ತಾನೆ. ಕೊಂಬೆ ಹಿಡಿದು ನೇತಾಡುತ್ತಾನೆ. ಕೆಳಗೆ ಬಾಯ್ತೆರೆದ ಘಟಸರ್ಪ. ಮೇಲೆ ಕೊಂಬೆಯನ್ನು ಕಡಿಯುತ್ತಿರುವ ಎರಡು ಇಲಿ, ಒಂದು ಬಿಳಿ, ಒಂದು ಕಪ್ಪು. ಹಗಲು, ಇರುಳು! ಅಷ್ಟರಲ್ಲಿ ಜೇನಿನ ಹನಿ ಕಾಣುತ್ತದೆ. ನೆಕ್ಕುತ್ತಾನೆ. ಎಲ್ಲ ಮರೆಯುತ್ತಾನೆ.

ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ಕಥೆ ಇದು. ಜೈನರಿಗೆ ಇದು ಮಧುಬಿಂದು. ಬುರ್ಜೋಯ್ ತನ್ನ ಆ ಒಂದು ಅಧ್ಯಾಯದಲ್ಲಿ ಇದನ್ನೇ ಹೇಳಿದ. ಜೋಸಫತ್‌ನ ಕಥೆಯಲ್ಲೂ ಬಂತು. ಇಟಲಿಯ ಪಾರ್ಮ ನಗರದ ಜ್ಞಾನಸ್ನಾನ ಮಂದಿರದ ಬಾಗಿಲ ಮೇಲೆ ಕಲ್ಲಲ್ಲಿ ಕೆತ್ತಿದರು, ಹೋಗಿ ನೋಡಬಹುದು! ಅಲ್ಲಿಗೂ ನಿಲ್ಲಲಿಲ್ಲ. ಬದುಕು ಬೇಸತ್ತು ಸಾಯಲು ಹೊರಟಿದ್ದ ಒಬ್ಬ ಲೇಖಕ ತನ್ನ ಆತ್ಮನಿವೇದನೆಯಲ್ಲಿ ಈ ಬಾವಿಯನ್ನು ನೆನೆದ. ನಾನೇ ಆ ಮನುಷ್ಯ, ಜೇನೂ ಈಗ ರುಚಿಸುತ್ತಿಲ್ಲ ಎಂದ. ಯಾರು?

ಟಾಲ್‌ಸ್ಟಾಯ್!

ವಿದುರನಿಂದ ಟಾಲ್‌ಸ್ಟಾಯ್‌ವರೆಗೆ! ನಡುವೆ ಅರೇಬಿಕ್ ಇಲ್ಲದಿದ್ದರೆ?

ಈಗ ಬಚ್ಚಿಟ್ಟಿದ್ದ ಅಂಕಿ ತೆಗೆಯುತ್ತೇನೆ. ಪಂಚತಂತ್ರ ಎಷ್ಟು ಭಾಷೆಗಳಿಗೆ ಹೋಗಿದೆ? ಹತ್ತು? ಇಪ್ಪತ್ತು? ಜರ್ಮನ್ ವಿದ್ವಾಂಸ ಯೋಹಾನೆಸ್ ಹರ್ಟೆಲ್ 1914ರ ಹೊತ್ತಿಗೆ ಎಣಿಸಿದ್ದು 50ಕ್ಕೂ ಹೆಚ್ಚು ಭಾಷೆ, 200ಕ್ಕೂ ಹೆಚ್ಚು ರೂಪ! ಅವುಗಳಲ್ಲಿ ಮುಕ್ಕಾಲು ಭಾಷೆಗಳು ಭಾರತದ ಹೊರಗಿನವು.

1570ರಲ್ಲಿ ಥಾಮಸ್ ನಾರ್ತ್ ಇಂಗ್ಲಿಷ್‌ಗೆ ತಂದ. ಷೇಕ್ಸ್‌ಪಿಯರ್ ತನ್ನ ರೋಮನ್ ನಾಟಕಗಳಿಗೆ ಬಳಸಿದ ಪ್ಲುಟಾರ್ಕ್ ಅನುವಾದ ಇದೇ ನಾರ್ತ್‌ನದು. ಅವನ ಕೈಗೆ ಬಂದ ದಾರಿ ನೋಡಿ. ಸಂಸ್ಕೃತ, ಪಹ್ಲವಿ, ಅರೇಬಿಕ್, ಹೀಬ್ರೂ, ಲ್ಯಾಟಿನ್, ಸ್ಪ್ಯಾನಿಷ್, ಇಟಾಲಿಯನ್, ಆಮೇಲೆ ಇಂಗ್ಲಿಷ್. ಎಂಟನೆಯ ಭಾಷೆ! 1678ರಲ್ಲಿ ಫ್ರಾನ್ಸ್‌ನ ಲಾ ಫೊಂತೇನ್ ತನ್ನ ನೀತಿಕಥೆಗಳ ಎರಡನೆಯ ಸಂಗ್ರಹದಲ್ಲಿ ಭಾರತದ ಜ್ಞಾನಿ ಪಿಲ್ಪೆಗೆ ಋಣಿ ಎಂದು ಬಾಯಿಬಿಟ್ಟು ಬರೆದ. ಅವನ ಹಾಲು ಮಾರುವ ಹುಡುಗಿ, ಕನಸು ಕಾಣುತ್ತ ಕುಣಿದು ಗಡಿಗೆ ಬೀಳಿಸಿಕೊಳ್ಳುವ ಆ ಹುಡುಗಿ, ಮೂಲದಲ್ಲಿ ಹಿಟ್ಟಿನ ಮಡಕೆಗೆ ಒದ್ದ ನಮ್ಮ ಬ್ರಾಹ್ಮಣ! ಅರೇಬಿಕ್‌ನಲ್ಲಿ ಅವನು ತುಪ್ಪ-ಜೇನಿನ ಗಡಿಗೆಗೆ ಕೋಲಿನಿಂದ ಹೊಡೆದ ಸನ್ಯಾಸಿ. ಸ್ಪೇನಿನಲ್ಲಿ 1335ರ ಹೊತ್ತಿಗೆ ತಲೆಯ ಮೇಲೆ ಜೇನಿನ ಗಡಿಗೆ ಹೊತ್ತ ಹೆಂಗಸು. ಆ ಹಾಲಿನ ಹುಡುಗಿ ನಮ್ಮ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಕೂತು ನಮ್ಮ ಮಕ್ಕಳಿಗೇ ಪಾಠ ಹೇಳಿದಳು. ಫಾರಿನ್ ಕಥೆ ಅಂದುಕೊಂಡೆವು!

ಇಷ್ಟು ಹೊತ್ತು ಪಶ್ಚಿಮದ ಕಡೆ ನೋಡಿದಿರಿ. ಈಗ ಕನ್ನಡದ ಸರದಿ.

ಸುಮಾರು 1031. ಕಲ್ಯಾಣ ಚಾಲುಕ್ಯರ ಜಗದೇಕಮಲ್ಲ ಜಯಸಿಂಹನ ಆಸ್ಥಾನ. ಅಲ್ಲಿ ಸಂಧಿವಿಗ್ರಹಿ ದುರ್ಗಸಿಂಹ ಕನ್ನಡದಲ್ಲಿ ಚಂಪೂ ಪಂಚತಂತ್ರ ಬರೆಯುತ್ತಾನೆ. ಅವನ ಮುಂದಿದ್ದದ್ದು ಎಲ್ಲರಿಗೂ ಗೊತ್ತಿರುವ ವಿಷ್ಣುಶರ್ಮನ ಪುಸ್ತಕವಲ್ಲ, ವಸುಭಾಗ ಭಟ್ಟನ ಪುಸ್ತಕ. ಆ ಸಂಸ್ಕೃತ ಮೂಲ ಎಲ್ಲಿದೆ?

ಕಳೆದುಹೋಗಿದೆ! ಪಹ್ಲವಿ ಅಳಿದರೂ ಅರೇಬಿಕ್ ಉಳಿಸಿತಲ್ಲ, ಹಾಗೆಯೇ ವಸುಭಾಗನನ್ನು ಕನ್ನಡ ಉಳಿಸಿತು. ಸಮುದ್ರದಾಚೆ ಜಾವಾ, ಥಾಯ್, ಲಾವೋ ಭಾಷೆಗಳಲ್ಲಿ ತಂತ್ರಿ ಕಥೆಗಳಿವೆ. ಅವು ಸೇರುವುದು ಇದೇ ವಸುಭಾಗನ ವಂಶಕ್ಕೆ! ಮೈಸೂರಿನ ವಿದ್ವಾಂಸ ಎ. ವೆಂಕಟಸುಬ್ಬಯ್ಯ ದುರ್ಗಸಿಂಹನನ್ನೂ ಜಾವಾದ ಕಥೆಗಳನ್ನೂ ಪಕ್ಕಪಕ್ಕ ಇಟ್ಟು ವರ್ಷಗಟ್ಟಲೆ ಶೋಧಿಸಿದರು. ಬೆನ್ಫೈ ಹೆಸರು ತರಗತಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಕೇಳುತ್ತದೆ. ವೆಂಕಟಸುಬ್ಬಯ್ಯನವರ ಹೆಸರು? ನಮ್ಮ ಎಂ.ಎ. ವಿದ್ಯಾರ್ಥಿಗಳನ್ನು ಕೇಳಿ ನೋಡಿ. ನನಗಂತೂ ಇದು ಹೊಟ್ಟೆ ಉರಿಸುವ ವಿಷಯ.

ಇನ್ನೊಂದು ಚಂದ ನೋಡಿ. ದುರ್ಗಸಿಂಹ ಬರೆದ ಸುಮಾರು ಐವತ್ತು ವರ್ಷಕ್ಕೆ, 1080ರ ಆಸುಪಾಸಿಗೆ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಮಿಯೋನ್ ಸೇಥ್ ಅರೇಬಿಕ್‌ನಿಂದ ಗ್ರೀಕ್‌ಗೆ ಅದೇ ಕಥೆ ಇಳಿಸುತ್ತಿದ್ದ. ಅಲ್ಲೊಬ್ಬ, ಇಲ್ಲೊಬ್ಬ. ಒಂದೇ ಶತಮಾನ. ಅವೇ ಎರಡು ನರಿಗಳು! ಒಬ್ಬನ ವಿಷಯ ಇನ್ನೊಬ್ಬನಿಗೆ ತಿಳಿಯಲೇ ಇಲ್ಲ.

ಯುರೋಪಿನ ತೌಲನಿಕ ಸಾಹಿತ್ಯ ಬಹುಕಾಲ ಫ್ರೆಂಚ್-ಜರ್ಮನ್-ಇಂಗ್ಲಿಷ್ ಅಂಗಳದಲ್ಲೇ ಸುತ್ತಿತು, ಅರೇಬಿಕ್ ಹೊರಜಗಲಿಯಲ್ಲಿ ಕೂತಿತು. ನಾವೂ ಅದೇ ಪಾಠ ಕಲಿತು ಕನ್ನಡವನ್ನು ಇಂಗ್ಲಿಷ್ ಜೊತೆ ಮಾತ್ರ ಹೋಲಿಸಿದೆವು. ಸಾಕು! ಭಟ್ಕಳ, ಮಂಗಳೂರು, ಕಲಬುರಗಿಗಳಲ್ಲಿ ಅರೇಬಿಕ್ ಓದಿದವರು ಎಷ್ಟೊಂದು ಜನ ಇದ್ದೀರಿ. ಹಳಗನ್ನಡ ಬಲ್ಲ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಹುಡುಕಿ. ದುರ್ಗಸಿಂಹನನ್ನೂ ಇಬ್ನ್ ಅಲ್-ಮುಕಫ್ಫನನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಡಿ. ಪುಟಪುಟವಾಗಿ ಓದಿ, ಕನ್ನಡದಲ್ಲಿ ಬರೆಯಿರಿ. ಮೊದಲ ಪ್ರತಿ ಕೊಳ್ಳಲು ನಾನು ಸಾಲಿನಲ್ಲಿ ನಿಂತಿರುತ್ತೇನೆ!